ಇನ್ನೊಂದು ಹಾರ್ನ್ ಕಟ್ಟುವ ಮುನ್ನ

ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಚಪ್ಪರದವರು, ಅಡಿಗೆಯವರು, ವಾಲಗದವರು, ಇವರೊಡನೆ ಪಟ್ಟಿಯಲ್ಲಿ ಬರೆಯಲೇಬೇಕಾದ ಮತ್ತೊಂದು ಹೆಸರು ಮೈಕ್‌ಸೆಟ್ಟಿನವರದು. ಅಕ್ಕಿ ಎಷ್ಟು, ಬೇಳೆ ಎಷ್ಟು, ಎಲೆ ಎಷ್ಟು ಎಂದು ಬೆರಳು ಮಡಚಿ ಲೆಕ್ಕ ಹಾಕುವ ಯಜಮಾನರು ಮೈಕಿನ ವಿಷಯ ಬಂದಾಗ ಮಾತ್ರ, "ಜೋರಾಗಿ ಕೇಳಿಸಬೇಕು, ಅಷ್ಟೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಈ ಒಂದು ಮಾತಿನ ದೆಸೆಯಿಂದ ಸುಟ್ಟುಹೋದ ಆಂಪ್ಲಿಫೈಯರುಗಳು ಎಷ್ಟೆಂಬುದನ್ನು ಯಾರೂ ಲೆಕ್ಕವಿಟ್ಟಿಲ್ಲ. ಅಕ್ಕಿಬೇಳೆಗಳಿಗೆ ಇರುವಂತೆ ಮೈಕಿಗೂ ಒಂದು ಲೆಕ್ಕವುಂಟು. ಅದು ಮೂರನೆಯ ತರಗತಿಯ ಭಾಗಾಕಾರಕ್ಕಿಂತ ಕಠಿಣವಾದುದೇನೂ ಅಲ್ಲ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಳ್ಳಾರಿಯಿಂದ ಸಿರುಗುಪ್ಪದ ಮೇಲೆ ಸಾಗಿಬರುವ ಹೆದ್ದಾರಿಯಲ್ಲಿ ಈ ಮೂರೂ ಊರುಗಳು ಒಂದರ ಹಿಂದೊಂದಾಗಿ ಎದುರಾಗುತ್ತವೆ. ಸಿಂಧನೂರು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸೀಮೆ. ಲಿಂಗಸುಗೂರಿನ ಆಸುಪಾಸಿನಲ್ಲಿ ಹಟ್ಟಿಯ ಚಿನ್ನದ ಗಣಿಯೂ ಮುದಗಲ್ಲಿನ ಕೋಟೆಯೂ ಇವೆ. ಶ್ರಾವಣದಲ್ಲಿ ಮಠಗಳ ಪುರಾಣ ಪ್ರವಚನ, ಮುದಗಲ್ಲಿನ ಮೊಹರಂ, ಜಾತ್ರೆ, ಉರುಸು, ಸಾಮೂಹಿಕ ವಿವಾಹ, ಆಗಾಗ್ಗೆ ಬಂದು ಬಿಡಾರ ಹೂಡುವ ನಾಟಕ ಕಂಪನಿ, ಹೀಗೆ ಬಯಲಿನಲ್ಲಿ ಜನ ಸೇರುವ ಸಂದರ್ಭಗಳಿಗೆ ಆ ಕಡೆ ಬರವೆಂಬುದಿಲ್ಲ.

ಜನರಿಗೆ ಮಾತು ಮುಟ್ಟಿಸುವ ಚಿಂತೆ ಈ ನೆಲಕ್ಕೆ ಹೊಸದೂ ಅಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಬರೆಯಿಸಿದ ಶಾಸನವನ್ನು ಚಿನ್ನದ ಗಣಿಯ ಇಂಜಿನಿಯರಾದ ಬೀಡನ್ ಎಂಬಾತ 1915ರಲ್ಲಿ ಪತ್ತೆಮಾಡಿದನು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಇತಿಹಾಸಜ್ಞರು ನಿಸ್ಸಂಶಯವಾಗಿ ಹೇಳುವಂತಾದುದು ಈ ಶಾಸನದಲ್ಲಿ ಆ ಹೆಸರು ಸ್ಪಷ್ಟವಾಗಿ ದೊರೆತ ಮೇಲೆ. ತನ್ನ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಸಮನಾಗಿ ತಿಳಿಸತಕ್ಕದ್ದೆಂಬುದು ಅದರಲ್ಲಿರುವ ಅಪ್ಪಣೆ. ಅದೇ 1915ರ ಡಿಸೆಂಬರಿನಲ್ಲಿ, ಸಮುದ್ರಗಳಾಚೆ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ, ಜೆನ್ಸನ್ ಮತ್ತು ಪ್ರಿಡಮ್ ಎಂಬ ಇಬ್ಬರು ತಾವು ರಚಿಸಿದ ಧ್ವನಿವರ್ಧಕವನ್ನು ಬಯಲಿನಲ್ಲಿ ನೆರೆದಿದ್ದ ಭಾರಿ ಜನಸಂದಣಿಗೆ ಕೇಳಿಸಿದರು. ಕಾಕತಾಳೀಯವೇ ಸರಿ, ಆದರೂ ಮಸ್ಕಿಯ ಹೆಸರು ಬಂದಾಗ ಇದನ್ನು ಹೇಳದೆ ಮುಂದುವರಿಯಲು ಮನಸ್ಸು ಬಾರದು.

ಇರಲಿ, ನಮ್ಮ ಬಯಲಿಗೆ ಬರೋಣ. ಪುರಾಣ ಆರಂಭವಾಗಿದೆ. ಆಂಪ್ಲಿಫೈಯರಿನಿಂದ ಎರಡು ಸ್ಪೀಕರುಗಳಿಗೆ ತಂತಿ ಎಳೆದಿದೆ. ಮುಂದೆ ಕುಳಿತವರು ತಲೆದೂಗುತ್ತಿದ್ದಾರೆ. ಹಿಂದೆ ಗೋಡೆಗೆ ಒರಗಿ ಕುಳಿತ ವೃದ್ಧರಿಗೂ, ಪಕ್ಕದ ಸಾಲಿನ ಹೆಂಗಸರಿಗೂ ಅರ್ಧ ಮಾತು ಕೇಳಿಸಿ ಅರ್ಧ ಕೇಳಿಸುತ್ತಿಲ್ಲ. ಹಿರಿಯರೊಬ್ಬರು ಎದ್ದು ಮೈಕಿನ ಹುಡುಗನ ಬಳಿ ಬರುತ್ತಾರೆ.

"ಹಿಂದಕ ಏನೂ ಕೇಳವಲ್ದು. ಇನ್ನೊಂದು ಹಾರ್ನ್ ಕಟ್ಟಪಾ ತಮ್ಮಾ."

"ಆತ್ರೀ ಗೌಡ್ರ, ಕಟ್ತೀನ್ರೀ."

ಗೌಡರಿಗೆ ಇಲ್ಲವೆನ್ನಲು ಆ ಹುಡುಗನಿಗೆ ಎಲ್ಲಿಯ ಧೈರ್ಯ? ಹತ್ತಿರದ ಕಂಬದಲ್ಲಿ ತಂತಿಯ ಸಿಪ್ಪೆ ಸುಲಿದು ಮೂರನೆಯ ಹಾರ್ನಿನ ಎಳೆಗಳನ್ನು ಸುತ್ತುತ್ತಾನೆ. ಇನ್ನೂ ಸಾಲದೆಂದಾಗ ನಾಲ್ಕನೆಯದನ್ನೂ ಹಾಗೆಯೇ. ಹತ್ತು ನಿಮಿಷ ಎಲ್ಲವೂ ಸೊಗಸಾಗಿ ನಡೆಯುತ್ತದೆ. ಅನಂತರ ಶಾಸ್ತ್ರಿಗಳ ಕಂಠ ಗೊಗ್ಗರಾಗುತ್ತದೆ, ಪೆಟ್ಟಿಗೆಯ ಹಿಂಭಾಗ ಮುಟ್ಟಲಾರದಷ್ಟು ಬಿಸಿಯಾಗುತ್ತದೆ, ಕರಕಲು ವಾಸನೆ ಬರುತ್ತದೆ, ಆಮೇಲೆ ನಿಶ್ಶಬ್ದ. "ಎಂಥ ಡಬ್ಬಾ ಸೆಟ್ ತಂದಿಯೋ!" ಎಂದು ಎಲ್ಲರೂ ಹುಡುಗನ ಮೇಲೆ ಬೀಳುತ್ತಾರೆ. ಬಾಡಿಗೆ ಮುರಿದುಕೊಳ್ಳುವುದೂ ಉಂಟು. ಬಾಡಿಗೆಯ ಸೆಟ್ಟೊಂದನ್ನೇ ನಂಬಿ ಬದುಕುವವನಿಗೆ ಜಾತ್ರೆಯ ಕಾಲದಲ್ಲಿ ಆಂಪ್ಲಿಫೈಯರ್ ಸುಟ್ಟರೆ ಆ ಸುಗ್ಗಿಯ ಸಂಪಾದನೆಯೇ ಹೋದಂತೆ. ವಾಸ್ತವವಾಗಿ ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ. ಹುಡುಗನದೂ ಅರ್ಧ ದೋಷ ಮಾತ್ರ. ಉಳಿದರ್ಧ ಇನ್ನೊಂದು ಕಟ್ಟೆಂದವರದು.

ಹಾಗಾದರೆ ಒಳಗೆ ನಡೆದುದೇನು?

ಪ್ರತಿಯೊಂದು ಸ್ಪೀಕರಿನ ಬೆನ್ನಿನ ಮೇಲೂ 4 ಓಮ್, 8 ಓಮ್, 16 ಓಮ್ ಎಂಬಂಥ ಒಂದು ಅಂಕೆ ಇರುತ್ತದೆ. ಆ ಸ್ಪೀಕರು ತನ್ನ ಮೂಲಕ ಹರಿಯುವ ವಿದ್ಯುತ್ತಿಗೆ ಒಡ್ಡುವ ಅಡ್ಡಿಯ ಪ್ರಮಾಣವದು. ಕುಶಲಕರ್ಮಿಗಳು ಇದನ್ನು ಇಂಪಿಡೆನ್ಸ್ ಎನ್ನುತ್ತಾರೆ, ಪಠ್ಯಪುಸ್ತಕಗಳಲ್ಲಿ ಪ್ರತಿಬಾಧೆ ಎಂದಿರುತ್ತದೆ. ಅಂಕೆ ಚಿಕ್ಕದಾದಷ್ಟೂ ಅಡ್ಡಿ ಕಡಿಮೆ. ಅಡ್ಡಿ ಕಡಿಮೆಯಾದಷ್ಟೂ ಆಂಪ್ಲಿಫೈಯರಿನಿಂದ ಸ್ಪೀಕರು ಸೆಳೆಯುವ ವಿದ್ಯುತ್ತು ಹೆಚ್ಚು. ಎರಡು ಸ್ಪೀಕರುಗಳನ್ನು ಒಂದೇ ಜೋಡಿ ತಂತಿಗೆ ಪಕ್ಕಪಕ್ಕದಲ್ಲಿ ಕಟ್ಟಿದರೆ, ಅಂದರೆ ಸಮಾಂತರವಾಗಿ ಜೋಡಿಸಿದರೆ, ವಿದ್ಯುತ್ತಿಗೆ ಎರಡು ದಾರಿಗಳು ತೆರೆದಂತಾಯಿತು. ಅಡ್ಡಿ ಅರ್ಧಕ್ಕೆ ಇಳಿಯಿತು. 8 ಓಮಿನವು ಎರಡಾದರೆ 4, ನಾಲ್ಕಾದರೆ 2.

ಸಿಂಧನೂರಿನ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಸುಮಾರು 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ಒಂದೊಂದಾಗಿ ತೂಬು ತೆರೆಯುತ್ತ ಹೋದರೆ ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟುವುದಿಲ್ಲವೆಂಬುದನ್ನು ಅವರು ಕಣ್ಣಾರೆ ಕಂಡವರು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಕಾಲುವೆಯು ತನ್ನಲ್ಲಿ ಇದ್ದಷ್ಟು ನೀರನ್ನು ಹಂಚಿ ಸುಮ್ಮನಾಗುತ್ತದೆ. ಆಂಪ್ಲಿಫೈಯರು ಹಾಗಲ್ಲ, ಕೇಳಿದಷ್ಟನ್ನೂ ಕೊಡಲು ಹೋಗಿ ಪ್ರಾಣ ಕಳೆದುಕೊಳ್ಳುವ ದಾನಶೂರ ಕರ್ಣ.

ಅಂಕೆಗಳಲ್ಲಿ ನೋಡೋಣ. ಒಂದು ಆಂಪ್ಲಿಫೈಯರು 20 ವೋಲ್ಟು ಹೊರಡಿಸುತ್ತಿದೆಯೆನ್ನಿ. 8 ಓಮಿನ ಒಂದೇ ಸ್ಪೀಕರಿದ್ದರೆ ಹರಿಯುವ ಪ್ರವಾಹ ಎರಡೂವರೆ ಆಂಪಿಯರು, ಶಕ್ತಿ 50 ವ್ಯಾಟು. ಎರಡಾದರೆ 5 ಆಂಪಿಯರು, 100 ವ್ಯಾಟು. ನಾಲ್ಕಾದಾಗ 10 ಆಂಪಿಯರು, 200 ವ್ಯಾಟು. ಆ ಪೆಟ್ಟಿಗೆಯ ಹಿಂದೆ "100 ವ್ಯಾಟು, ಕನಿಷ್ಠ 4 ಓಮ್" ಎಂದು ಬರೆದಿದ್ದರೆ ಎರಡು ಸ್ಪೀಕರುಗಳಿಗೇ ಅದರ ತಾಕತ್ತು ಮುಗಿದಿದೆ. ಮೂರನೆಯದನ್ನು ಕಟ್ಟಿದ ಗಳಿಗೆಯಿಂದಲೇ ಒಳಗಿನ ಟ್ರಾನ್ಸಿಸ್ಟರುಗಳು ಕಾಯತೊಡಗುತ್ತವೆ. ಒಳ್ಳೆಯ ಸೆಟ್ಟಾದರೆ ಫ್ಯೂಸು ಹೋಗಿ ಬದುಕಿಕೊಳ್ಳುತ್ತದೆ. ಹುಡುಗನು ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿದ್ದರೆ ದೇವರೇ ಗತಿ.

ಇಲ್ಲಿ ಹೊಂದಿಸುವುದು ಎಂಬ ಮಾತಿನ ಬಗ್ಗೆ ಒಂದು ಎಚ್ಚರಿಕೆ ಅವಶ್ಯ. ಕಾಲೇಜಿನಲ್ಲಿ ಓದುವ ಮಕ್ಕಳಿರುವ ಮನೆಗಳಲ್ಲಿ ಅವರು ತಟಕ್ಕನೆ ಹೇಳಿಯಾರು: ಶಕ್ತಿ ಕೊಡುವುದರ ಒಳರೋಧವೂ ಪಡೆಯುವುದರ ರೋಧವೂ ಸಮನಾಗಿದ್ದಾಗಲೇ ಅತ್ಯಧಿಕ ಶಕ್ತಿ ದಾಟುತ್ತದೆ ಎಂದು. ಸೂತ್ರ ಸರಿಯೇ. ಆದರೆ ಆ ಸ್ಥಿತಿಯಲ್ಲಿ ಅರ್ಧದಷ್ಟು ಶಕ್ತಿ ಕೊಡುವವನ ಮನೆಯಲ್ಲೇ ಶಾಖವಾಗಿ ವ್ಯಯವಾಗುತ್ತದೆ. ಈ ಕಾಲದ ಆಂಪ್ಲಿಫೈಯರಿನ ಒಳರೋಧ ಒಂದು ಓಮಿಗಿಂತ ಎಷ್ಟೋ ಕಡಿಮೆ. ಅದಕ್ಕೆ ಸಮನಾದ ಸ್ಪೀಕರನ್ನು ಹುಡುಕಿ ಕಟ್ಟಿದರೆ ಸುಡುವುದು ಖಂಡಿತ. ಆದ್ದರಿಂದ ನಾವು ನೋಡಬೇಕಾದುದು ಸಮನಾಗಿದೆಯೇ ಎಂಬುದನ್ನಲ್ಲ, ಪೆಟ್ಟಿಗೆಯ ಮೇಲೆ ಬರೆದ ಕನಿಷ್ಠಕ್ಕಿಂತ ಕಡಿಮೆಯಾಗಿಲ್ಲವೇ ಎಂಬುದನ್ನು. ಹೆಚ್ಚಾದರೆ ಸದ್ದು ಒಂದಿಷ್ಟು ಕಡಿಮೆಯಾದೀತೇ ಹೊರತು ಸೆಟ್ಟಿಗೆ ಅಪಾಯವಿಲ್ಲ.

ವಾಲ್ವುಗಳ ಕಾಲದ ಹಳೆಯ ಆಂಪ್ಲಿಫೈಯರುಗಳ ಸ್ವಭಾವ ಬೇರೆ. ಅವುಗಳಲ್ಲಿ ಸ್ಪೀಕರಿಗೂ ವಾಲ್ವಿಗೂ ನಡುವೆ ಒಂದು ಟ್ರಾನ್ಸ್‌ಫಾರ್ಮರು ಇರುತ್ತಿತ್ತು. 4, 8, 16 ಎಂದು ಬೇರೆಬೇರೆ ತಿರುಪುಗಳಿರುತ್ತಿದ್ದವು. ಸರಿಯಾದ ತಿರುಪಿಗೇ ಕಟ್ಟಬೇಕಾಗಿತ್ತು. ಸ್ಪೀಕರನ್ನೇ ಕಟ್ಟದೆ ಧ್ವನಿ ಏರಿಸಿದರೆ ಟ್ರಾನ್ಸ್‌ಫಾರ್ಮರಿನೊಳಗೆ ಕಿಡಿ ಹಾರಿ ಕೆಡುತ್ತಿತ್ತು. ತಾತನ ಕಾಲದ ಅಂಥ ಸೆಟ್ಟನ್ನು ಅಟ್ಟದಿಂದ ಇಳಿಸಿ ನಡೆಸಬೇಕೆಂಬ ಹುಮ್ಮಸ್ಸಿನವರು ಇದನ್ನು ನೆನಪಿನಲ್ಲಿಡಬೇಕು. ಟ್ರಾನ್ಸಿಸ್ಟರಿನ ಸೆಟ್ಟು ಬರಿದೆ ಇರಬಲ್ಲದು, ಎರಡು ತಂತಿ ಒಂದನ್ನೊಂದು ಮುಟ್ಟಿದರೆ ಮಾತ್ರ ಸಹಿಸದು. ವಾಲ್ವಿನ ಸೆಟ್ಟಿಗೆ ಬರಿದೆ ಇರುವುದೇ ಮೃತ್ಯು.

ಇನ್ನು ತಂತಿಯ ಮಾತು. ನಮ್ಮ ಅಭಿಪ್ರಾಯದಲ್ಲಿ ಬಯಲು ಸಭೆಗಳ ಮುಕ್ಕಾಲು ಪಾಲು ತೊಂದರೆ ಇರುವುದು ಇಲ್ಲಿಯೇ, ಮತ್ತು ಜನರ ಗಮನ ಹರಿಯದಿರುವುದೂ ಇಲ್ಲಿಯೇ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಸಣ್ಣ ಜೋಡಿ ತಂತಿಯಲ್ಲಿ, ತಾಮ್ರದ ಅಡ್ಡಕೊಯ್ತ ಮುಕ್ಕಾಲು ಚದರ ಮಿಲಿಮೀಟರು ಇದೆಯೆಂದಿಟ್ಟುಕೊಳ್ಳಿ. ನೂರು ಮೀಟರು ದೂರದ ಸ್ಪೀಕರಿಗೆ ಹೋಗಿಬರುವ ದಾರಿ ಇನ್ನೂರು ಮೀಟರು. ಆ ತಂತಿಯ ರೋಧವೇ ಹತ್ತಿರಹತ್ತಿರ 5 ಓಮ್! ತುದಿಯಲ್ಲಿ 8 ಓಮಿನ ಎರಡು ಸ್ಪೀಕರುಗಳನ್ನು, ಅಂದರೆ 4 ಓಮಿನ ಹೊರೆಯನ್ನು, ಕಟ್ಟಿದ್ದೀರಿ. ಆಂಪ್ಲಿಫೈಯರು ಕೊಟ್ಟ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತಂತಿಯನ್ನು ಬೆಚ್ಚಗಾಗಿಸುವುದಕ್ಕೇ ಹೋಯಿತು. ದುಪ್ಪಟ್ಟು ದಪ್ಪದ ತಂತಿ ಎಳೆದರೂ ನೂರಕ್ಕೆ ಮೂವತ್ತೆಂಟರಷ್ಟು ನಷ್ಟ. ದೊಡ್ಡ ಪೆಟ್ಟಿಗೆಯನ್ನೇ ಬಾಡಿಗೆಗೆ ತಂದೆವೆಂದು ಸಮಾಧಾನಪಡುವ ಯಜಮಾನರು ತೆತ್ತ ಹಣದಲ್ಲಿ ಅರ್ಧ, ಯಾರ ಕಿವಿಗೂ ತಲುಪದೆ ತಂತಿಯಲ್ಲೇ ಕರಗುತ್ತದೆ.

ಈ ಕಷ್ಟಕ್ಕೆ ಪರಿಹಾರವನ್ನು ನಮ್ಮ ನಾಡು ಬೇರೊಂದು ಕಾರ್ಯದಲ್ಲಿ ಬಹು ಹಿಂದೆಯೇ ಕಂಡಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಸಾಗಿಸಿದಾಗ ದೂರ 92 ಮೈಲಿ, ಎಂದರೆ ಸುಮಾರು 147 ಕಿಲೋಮೀಟರು. ಅಷ್ಟು ದೂರ ಸಾಗುವ ವಿದ್ಯುತ್ತು ತಂತಿಯಲ್ಲೇ ಸೋರಿಹೋಗದಂತೆ ಇಂಜಿನಿಯರುಗಳು ಮಾಡಿದ ಉಪಾಯವೆಂದರೆ, ವೋಲ್ಟನ್ನು ಸಾವಿರಾರಕ್ಕೆ ಏರಿಸಿ ಪ್ರವಾಹವನ್ನು ತಗ್ಗಿಸಿ ಕಳುಹಿಸುವುದು, ಗಣಿಯ ಬಳಿ ಟ್ರಾನ್ಸ್‌ಫಾರ್ಮರಿನಿಂದ ಮತ್ತೆ ಇಳಿಸಿಕೊಳ್ಳುವುದು. ತಂತಿಯಲ್ಲಿ ಆಗುವ ನಷ್ಟ ಪ್ರವಾಹದ ವರ್ಗವನ್ನು ಅವಲಂಬಿಸಿರುವುದರಿಂದ, ಪ್ರವಾಹ ಹತ್ತನೆಯ ಒಂದು ಪಾಲಾದರೆ ನಷ್ಟ ನೂರನೆಯ ಒಂದು ಪಾಲು.

ಸಭೆಗಳಿಗೆಂದೇ ತಯಾರಾದ ಆಂಪ್ಲಿಫೈಯರುಗಳಲ್ಲಿ ಈ ಯುಕ್ತಿಯನ್ನೇ ಅಳವಡಿಸಿರುತ್ತಾರೆ. ಅವುಗಳ ಹಿಂದೆ 4, 8, 16 ಓಮ್ ತಿರುಪುಗಳ ಪಕ್ಕದಲ್ಲಿ "100 ವೋಲ್ಟು" ಎಂದೊಂದು ತಿರುಪು ಇರುತ್ತದೆ. ಕೆಲವಲ್ಲಿ 70 ವೋಲ್ಟಿನದೂ ಉಂಟು. ಎಷ್ಟೋ ಹುಡುಗರು ಅದನ್ನು ಮುಟ್ಟಿಯೇ ಇರುವುದಿಲ್ಲ. ಅಲ್ಲಿಂದ ತಂತಿ ಎಳೆದು, ಪ್ರತಿ ಹಾರ್ನಿಗೂ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರನ್ನು ಕೂಡಿಸಿದರೆ ಚಿತ್ರವೇ ಬದಲಾಗುತ್ತದೆ. ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಪ್ರಮಾಣ 11ಕ್ಕೆ 1 ಇದ್ದರೆ ಇಂಪಿಡೆನ್ಸು 11ರ ವರ್ಗದಷ್ಟು, ಅಂದರೆ 121 ಪಟ್ಟು ಏರುತ್ತದೆ. 8 ಓಮಿನ ಹಾರ್ನು ತಂತಿಯ ಕಡೆಯಿಂದ ನೋಡಿದಾಗ ಸುಮಾರು 1000 ಓಮಿನದಾಗಿ ಕಾಣುತ್ತದೆ. ಅದು ಸೆಳೆಯುವುದು 10 ವ್ಯಾಟು ಮಾತ್ರ. ಇಂಥ ಹತ್ತು ಹಾರ್ನುಗಳನ್ನು ಸಮಾಂತರವಾಗಿ ಕಟ್ಟಿದರೂ ಒಟ್ಟು ಹೊರೆ 100 ಓಮ್, ಒಟ್ಟು ಶಕ್ತಿ 100 ವ್ಯಾಟು. ಮೇಲೆ ಹೇಳಿದ ಅದೇ ಬಡಕಲು ತಂತಿಯ 5 ಓಮ್ ಈಗ ನೂರರ ಪಕ್ಕದ ಐದು. ನಷ್ಟ ನೂರಕ್ಕೆ ಐದನ್ನೂ ಮೀರದು.

ಲೆಕ್ಕವೂ ಸುಲಭವಾಯಿತು. ಓಮುಗಳ ಭಾಗಾಕಾರ ಬೇಡ, ಹಾರ್ನುಗಳ ಟ್ರಾನ್ಸ್‌ಫಾರ್ಮರುಗಳಲ್ಲಿ ಆರಿಸಿದ ವ್ಯಾಟುಗಳನ್ನು ಕೂಡಿಸಿದರೆ ಸಾಕು. ಮೊತ್ತವು ಆಂಪ್ಲಿಫೈಯರಿನ ವ್ಯಾಟನ್ನು ಮೀರಬಾರದು. 100 ವ್ಯಾಟಿನ ಸೆಟ್ಟಿಗೆ 80ಕ್ಕೆ ನಿಲ್ಲಿಸುವುದು ಜಾಣತನ. ಗೌಡರು ಬಂದು ಇನ್ನೊಂದು ಕಟ್ಟೆಂದಾಗ ಹುಡುಗನು, "ಇನ್ನೆರಡು ಕಟ್ಟಬಹುದ್ರೀ, ಮೂರನೇದ್ದು ಆಗಂಗಿಲ್ರೀ" ಎಂದು ಎದೆಗೊಟ್ಟು ಹೇಳಬಲ್ಲನು.

ಇದರಲ್ಲೂ ಒಂದು ಗಂಡಾಂತರವುಂಟು. ಟ್ರಾನ್ಸ್‌ಫಾರ್ಮರಿಲ್ಲದ 8 ಓಮಿನ ಸಾದಾ ಸ್ಪೀಕರೊಂದನ್ನು ಯಾರಾದರೂ ಅರಿಯದೆ ಈ 100 ವೋಲ್ಟಿನ ತಂತಿಗೆ ಸುತ್ತಿದರೆಂದರೆ, ಅದು ಸೆಳೆಯಲು ಹವಣಿಸುವ ಶಕ್ತಿ 1250 ವ್ಯಾಟು. ಸ್ಪೀಕರು ಉಳಿಯುವುದಿಲ್ಲ, ಆಂಪ್ಲಿಫೈಯರು ಉಳಿದರೆ ಅದೃಷ್ಟ. ಅಲ್ಲದೆ 100 ವೋಲ್ಟು ಮೈಗೆ ತಗುಲಿದರೆ ಆಟದ ಮಾತಲ್ಲ. ಮಕ್ಕಳು ಓಡಾಡುವ ಚಪ್ಪರದಲ್ಲಿ, ಮಳೆಗೆ ತೊಯ್ದ ಶ್ರಾವಣದ ನೆಲದಲ್ಲಿ, ಗಂಟುಗಳಿಗೆ ಟೇಪು ಸುತ್ತದೆ ಬಿಟ್ಟ ತಂತಿಯನ್ನು ಕಂಡರೆ ಯಜಮಾನರು ಸಂಕೋಚಪಡದೆ ಆಕ್ಷೇಪಿಸಬೇಕು.

ಹಾರ್ನುಗಳನ್ನು ಹಂಚಿ ಕಟ್ಟುವುದರಿಂದ ಇನ್ನೊಂದು ದೊಡ್ಡ ಲಾಭವಿದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಆಂಪ್ಲಿಫೈಯರಿನ ವ್ಯಾಟನ್ನು ಇಮ್ಮಡಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟು ಬೇಕು. ಆದ್ದರಿಂದ ವೇದಿಕೆಯ ಬಳಿ ಪರ್ವತದಂತೆ ಪೆಟ್ಟಿಗೆಗಳನ್ನು ಪೇರಿಸಿ ಕೊನೆಯ ಸಾಲಿಗೆ ಮಾತು ಮುಟ್ಟಿಸುವ ಸಾಹಸದಲ್ಲಿ ಮೊದಲ ಸಾಲಿನವರ ಕಿವಿ ಕಿವುಡಾಗುತ್ತದೆ, ಅಷ್ಟೆ. ಹತ್ತು ವ್ಯಾಟಿನ ಹಾರ್ನೊಂದು ವೃದ್ಧರ ತಲೆಯ ಮೇಲಿನ ಕಂಬದಲ್ಲಿದ್ದರೆ ಅವರಿಗೆ ಬೇಕಾದಷ್ಟಾಯಿತು. ಹಾಗೆ ಹಂಚುವಾಗ ಎಲ್ಲ ಹಾರ್ನುಗಳ ಬಾಯಿಯೂ ವೇದಿಕೆಗೆ ಬೆನ್ನು ಮಾಡಿ ಒಂದೇ ದಿಕ್ಕಿಗಿರಲಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ, ಎದುರುಬದುರು ಕಟ್ಟಿದ ಹಾರ್ನುಗಳ ನಡುವೆ ಕುಳಿತವನಿಗೆ ಒಂದೇ ಮಾತು ಎರಡೆರಡು ಸಲ ಕೇಳಿ ಅರ್ಥ ಕೆಡುತ್ತದೆ.

ಊರಿನ ನೆಮ್ಮದಿಯ ಪ್ರಶ್ನೆಯೂ ಇದೆಯಷ್ಟೆ. ಶಬ್ದ ಮಾಲಿನ್ಯದ ಬಗ್ಗೆ ಕೇಂದ್ರ ಸರ್ಕಾರ 2000ದಲ್ಲಿ ಮಾಡಿದ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದಕ್ಕೆ ನಿಷೇಧ. ವಾಸದ ಪ್ರದೇಶಗಳಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಹಬ್ಬಹರಿದಿನಗಳಿಗೆಂದು ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯಕ್ಕುಂಟು. ಕಿವಿಯ ಹತ್ತಿರ ಮೆಲ್ಲಗೆ ನುಡಿಯುವ ಹಾರ್ನುಗಳು ಈ ಮಿತಿಗೆ ಹೊಂದಿಕೊಂಡಷ್ಟು ಸುಲಭವಾಗಿ ವೇದಿಕೆಯ ಪರ್ವತಗಳು ಹೊಂದಿಕೊಳ್ಳಲಾರವು.

ಮನೆಯೊಳಗಿನ ಸೆಟ್ಟುಗಳ ವಿಷಯ ಬೇಗ ಮುಗಿಸಬಹುದು. ದಿವಾನಖಾನೆಯ ಆಂಪ್ಲಿಫೈಯರಿನಲ್ಲಿ ಎ, ಬಿ ಎಂದು ಎರಡು ಜೊತೆ ಸ್ಪೀಕರುಗಳಿಗೆ ಸ್ಥಳವಿದ್ದರೆ, ಎರಡನ್ನೂ ಕೂಡಿ ನುಡಿಸುವ ಮುನ್ನ ಹಿಂದಿನ ಬರಹವನ್ನು ಓದಿ. ಎರಡೂ ನಡೆಯುವಾಗ ಪ್ರತಿಯೊಂದೂ 8 ಓಮಿಗೆ ಕಡಿಮೆಯಿರಬಾರದೆಂದು ಹಲವು ಸೆಟ್ಟುಗಳಲ್ಲಿ ಸೂಚನೆ ಇರುತ್ತದೆ. 8 ಓಮಿನ ನಾಲ್ಕನ್ನು ನುಡಿಸಲೇಬೇಕಾದರೆ, ಎರಡೆರಡನ್ನು ಸರಣಿಯಲ್ಲಿ ಕಟ್ಟಿ ಆ ಎರಡು ಜೊತೆಗಳನ್ನು ಸಮಾಂತರವಾಗಿ ಕೂಡಿಸಿದರೆ ಒಟ್ಟು ಮತ್ತೆ 8 ಓಮೇ ಆಗುತ್ತದೆ. ಒಂದರ ಸುರುಳಿ ಹರಿದರೆ ಅದರ ಜೊತೆಗಾರನೂ ಮೂಕನಾಗುವನೆಂಬುದೊಂದೇ ಕೊರತೆ. 8 ಓಮಿನ ಸ್ಪೀಕರಿಗೆ ಮೀಟರು ಹಿಡಿದಾಗ ಮುಳ್ಳು 6ರ ಬಳಿ ನಿಂತರೆ ಗಾಬರಿ ಬೇಡ: ಮೀಟರು ತೋರಿಸುವುದು ತಾಮ್ರದ ಸುರುಳಿಯ ರೋಧವನ್ನು ಮಾತ್ರ, ನುಡಿಯುವಾಗಿನ ಇಂಪಿಡೆನ್ಸು ಸ್ವರದಿಂದ ಸ್ವರಕ್ಕೆ ಏರಿಳಿಯುತ್ತಿರುತ್ತದೆ. 100 ವೋಲ್ಟಿನ ಸಾಲಿಗೆ ಇದೇ ಮೀಟರು ಹಿಡಿದು ತೀರ್ಮಾನಕ್ಕೆ ಬರುವುದಂತೂ ಸಲ್ಲದು. ಟ್ರಾನ್ಸ್‌ಫಾರ್ಮರಿನ ಸುರುಳಿ ಅಲ್ಲಿ ತೀರ ಕಡಿಮೆ ಅಂಕೆ ತೋರಿಸಿ ದಾರಿ ತಪ್ಪಿಸುತ್ತದೆ. ಅದಕ್ಕೆಂದೇ ಇಂಪಿಡೆನ್ಸ್ ಮೀಟರು ಬೇರೆ ಇದೆ. ನಾಲ್ಕಾರು ಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯವರು ಒಂದನ್ನು ಇಟ್ಟುಕೊಂಡರೆ ಮೊದಲ ಜಾತ್ರೆಯಲ್ಲೇ ಅದರ ಬೆಲೆ ಹಿಂತಿರುಗಿ ಬರುತ್ತದೆ.

ಮದುವೆಗೋ ಪುರಾಣಕ್ಕೋ ಮೈಕು ಗೊತ್ತುಮಾಡುವವರು ದರ ಮಾತಾಡುವ ಮೊದಲು ಕೊನೆಯ ಸಾಲು ವೇದಿಕೆಯಿಂದ ಎಷ್ಟು ಹೆಜ್ಜೆ ಎಂಬುದನ್ನು ಅಳೆದು ತಿಳಿಸಲಿ. ನೂರು ವೋಲ್ಟಿನ ಸಾಲು ಎಳೆಯುವಿರಾ, ಒಟ್ಟು ವ್ಯಾಟು ಎಷ್ಟಾಗುವುದು ಎಂದು ಕೇಳಲಿ. ಸಂಜೆ ಜನ ಸೇರುವ ಮೊದಲೇ ಕೊನೆಯ ಹಾರ್ನಿನ ಕೆಳಗೆ ಮನೆಯ ಹಿರಿಯರೊಬ್ಬರನ್ನು ಕುರ್ಚಿ ಹಾಕಿ ಕೂಡಿಸಿ ಪರೀಕ್ಷೆ ಮಾಡಲಿ. "ಹಲೋ, ಮೈಕ್ ಟೆಸ್ಟಿಂಗ್, ಒನ್, ಟೂ, ಥ್ರೀ" ಎಂದು ಕೂಗಿಸಿದರೆ ಪ್ರಯೋಜನವಿಲ್ಲ, ಒನ್ ಆದ ಮೇಲೆ ಟೂ ಬರುವುದು ಕೇಳಿಸದಿದ್ದರೂ ಎಲ್ಲರಿಗೂ ಗೊತ್ತು. ಪಂಚಾಂಗದ ಯಾವುದಾದರೊಂದು ಪುಟ ತೆರೆದು ನಾಲ್ಕು ಸಾಲು ಓದಿಸಿ, ಓದಿದ್ದೇನೆಂದು ಆ ಹಿರಿಯರನ್ನು ಕೇಳಿ ನೋಡಬೇಕು.